ಸಹಾಯ ಬೇಕು: ಮಕ್ಕಳು ಮುಖ್ಯ ವಿಷಯಕ್ಕೆ ಬರುತ್ತಲೇ ಇಲ್ಲ

4ನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಬಂಡೀಪುರದ ಸೀಳುನಾಯಿ, ಜಿಂಕೆಗಳ ಬಗ್ಗೆ ನಾನೇ ಒಂದು ಪುಟ್ಟ ಪ್ಯಾರಾ ಬರೆದುಕೊಟ್ಟೆ. ಸೀಳುನಾಯಿಗಳು ಸಿಳ್ಳೆ ಹಾಕಿ ಗುಂಪು ಕೂಡಿಸುತ್ತವೆ. ಮರದ ಮೇಲಿನ ಮುಸುವ ಕೂಗಿದರೆ ಕೆಳಗೆ ಜಿಂಕೆಗಳು ಕಿವಿ ನಿಮಿರಿಸುತ್ತವೆ. ಬೇಟೆಗೂ ಜೊತೆ ಬೇಕು, ಬದುಕುಳಿಯಲೂ ಜೊತೆ ಬೇಕು. ಅದೇ ಮುಖ್ಯ ವಿಷಯ.

ಮುಖ್ಯ ವಿಷಯ ಬರೆಯಿರಿ ಅಂದರೆ ಒಬ್ಬಳು 'ಸೀಳುನಾಯಿ ಬಾಲ ಕಪ್ಪು' ಅಂತ ಬರೆದಳು. ಜಾಸ್ತಿ ಮಕ್ಕಳು ಮೊದಲ ಸಾಲನ್ನೇ ಇಳಿಸಿದರು. ಮುಖ್ಯ ಅನ್ನಿಸಿದ್ದಕ್ಕೆ ಗೆರೆ ಎಳೆಸಿದೆ, ಪ್ಯಾರಾಗೆ ಹೆಸರಿಡಿಸಿದೆ. 'ಸೀಳುನಾಯಿ' ಅಂತ ಒಂದೇ ಪದ ಬರುತ್ತದೆ. ಯಾವುದರ ಬಗ್ಗೆ ಅನ್ನುವುದು ಗೊತ್ತು, ಅದರ ಬಗ್ಗೆ ಪ್ಯಾರಾ ಏನು ಹೇಳುತ್ತಿದೆ ಅನ್ನುವಲ್ಲಿ ನಿಂತುಬಿಡುತ್ತಾರೆ. ನಾನೇ ಹೇಳಿಕೊಟ್ಟರೆ ಸುಮ್ನೆ ಬಾಯಿಪಾಠ ಆಗುತ್ತದೆ, ಅಲ್ವಾ?

ಈ ಒಂದು ಹೆಜ್ಜೆ ದಾಟಿಸಲು ನೀವು ತರಗತಿಯಲ್ಲಿ ಯಾವ ಪ್ರಶ್ನೆ ಕೇಳುತ್ತೀರಿ?