ಬೆಲ್ಲದ ಪ್ಯಾಕೆಟ್‌ಗೆ ಯಾವ ಇಂಗ್ಲಿಷ್ ಫಾಂಟ್?

ಪ್ರಶ್ನೆ: ಮಂಡ್ಯ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೆಲ್ಲದ ಪ್ಯಾಕೆಟ್, ರಸ್ತೆ ಬದಿ ಬೋರ್ಡು, ಬಿಲ್ ಪುಸ್ತಕ ಎಲ್ಲಕ್ಕೂ ಒಂದೇ ಇಂಗ್ಲಿಷ್ ಫಾಂಟ್ ಬೇಕು, ಕನ್ನಡದ ಪಕ್ಕ ಹೊಂದಬೇಕು. ಸ್ಲ್ಯಾಬ್ ಸೆರಿಫ್ ಹಾಕಿ, ಅಂದರೆ ಅಕ್ಷರದ ತುದಿಗಳಲ್ಲಿ ದಪ್ಪ ಅಡ್ಡಪಟ್ಟಿ ಇರುವ ಫಾಂಟ್, ಅಂತ ಒಬ್ಬರು ಹೇಳಿದರು. ಬಳಸಿದವರು ಅನುಭವ ಹೇಳಿ.

ಮೈಸೂರಿನಿಂದ, ಡಿಟಿಪಿ ಕೆಲಸದವನು: ಧೈರ್ಯವಾಗಿ ಹಾಕಿ ಸಾರ್. ಮೊದಲು ನಾನೂ ನವಿರು ಗೆರೆಯ ಫಾಂಟ್‌ಗಳನ್ನೇ ಇಷ್ಟಪಡುತ್ತಿದ್ದೆ. ಒಮ್ಮೆ ಬಟ್ಟೆ ಚೀಲಕ್ಕೆ ಅಂಥದೊಂದು ಹಾಕಿ ಸ್ಕ್ರೀನ್ ಪ್ರಿಂಟಿಂಗ್‌ಗೆ ಕೊಟ್ಟೆ. ಬಂದಾಗ ನೋಡಿದರೆ ಚಿಕ್ಕ ‘ಇ’ಗಳ ಅಡ್ಡಗೆರೆ ಹಾರಿಹೋಗಿ ಎಲ್ಲಾ ‘ಸಿ’ ಆಗಿದ್ದವು. ಐನೂರು ಚೀಲ! ಸ್ಲ್ಯಾಬ್‌ನಲ್ಲಿ ಆ ಭಯ ಕಡಿಮೆ, ಯಾಕೆಂದರೆ ಅಕ್ಷರದ ಪಾದವೂ (ತುದಿಯ ಅಡ್ಡಪಟ್ಟಿ) ಹೆಚ್ಚುಕಡಿಮೆ ಕಂಬದಷ್ಟೇ (ನಿಂತ ಗೆರೆ) ದಪ್ಪ ಇರುತ್ತದೆ, ಶಾಯಿ ಸ್ವಲ್ಪ ಆಚೀಚೆ ಆದರೂ ಅಕ್ಷರ ಕೆಡುವುದಿಲ್ಲ.

ಎಲ್ಲಾ ಸ್ಲ್ಯಾಬೂ ಒಂದೇ ಅಲ್ಲ. ಕ್ಲಾರೆಂಡನ್ ಅನ್ನುವ ಸ್ಲ್ಯಾಬ್ 1845ರದು, ಲಂಡನ್ನಿನ ರಾಬರ್ಟ್ ಬೆಸ್ಲಿ ತಂದದ್ದು. ನಿಘಂಟಿನಂಥ ಪುಸ್ತಕದಲ್ಲಿ ಒಂದು ಪದ ಮಾತ್ರ ಎದ್ದು ಕಾಣಲಿ ಅಂತ ಅದನ್ನು ಬಳಸುತ್ತಿದ್ದರು. ಅದರ ಪಾದ ಕಂಬಕ್ಕೆ ಸೇರುವ ಮೂಲೆ ನೋಡಿ, ಒಂದು ಸಣ್ಣ ಬಳುಕು ಇದೆ, ಮರದ ಬುಡ ನೆಲಕ್ಕೆ ಸೇರುವ ಹಾಗೆ. ನನಗೆ ಆ ಮೂಲೆ ನೋಡಿದಷ್ಟೂ ಸಾಲದು. 1934ರ ರಾಕ್‌ವೆಲ್‌ನಲ್ಲಿ ಆ ಬಳುಕಿಲ್ಲ, ನೇರ ಮೂಲೆ, ದೊಡ್ಡ ‘ಎ’ ತಲೆ ಮೇಲೂ ಒಂದು ಪಟ್ಟಿ. ಬೋರ್ಡಿಗೆ ಗಟ್ಟಿ, ಆದರೆ ಬೆಲ್ಲಕ್ಕೆ ಸ್ವಲ್ಪ ಒರಟು ಅನ್ನಿಸುತ್ತದೆ.

ನಿಮಗೆ ರೊಬೊಟೊ ಸ್ಲ್ಯಾಬ್ ಸಾಕು. ಉಚಿತ, ತೆಳುವಿನಿಂದ ದಪ್ಪದವರೆಗೆ ಒಂಬತ್ತು ತೂಕ (ಗೆರೆ ದಪ್ಪದ ಹಂತ) ಇದೆ. ಪ್ಯಾಕೆಟ್ ಮೇಲಿನ ಹೆಸರಿಗೆ ದಪ್ಪದ ಬೋಲ್ಡ್, ಬೆಲ್ಲ ಎಷ್ಟು ಕೆಜಿ, ಬೆಲೆ ಎಷ್ಟು ಅನ್ನುವುದಕ್ಕೆ ಸಾಧಾರಣ ದಪ್ಪದ ರೆಗ್ಯುಲರ್. ಚಿಕ್ಕ ಅಕ್ಷರಕ್ಕೆ ಬೋಲ್ಡ್ ಮಾತ್ರ ಬೇಡ, 8ರ ಹೊಟ್ಟೆ ಶಾಯಿಯಿಂದ ತುಂಬಿಹೋಗುತ್ತದೆ.

ಮಂಡ್ಯದಿಂದ, ಬೋರ್ಡ್ ಬರೆಯುವವನು: ಅಣ್ಣ ಹೇಳಿದ್ದು ನಿಜ. ಚಪ್ಪಟೆ ಬ್ರಷ್ ಹಿಡಿದು ಒಂದೇ ಎಳೆತಕ್ಕೆ ಪಾದ ಮುಗಿಯುತ್ತದೆ, ದೂರದಿಂದ ಬರುವ ಬಸ್ಸಿನವರಿಗೂ ಕಾಣುತ್ತದೆ. ಅಕ್ಷರಗಳ ಮಧ್ಯೆ ಜಾಗ ಮಾತ್ರ ಜಾಸ್ತಿ ಬಿಡಿ, ಇಲ್ಲದಿದ್ದರೆ ಪಾದಕ್ಕೆ ಪಾದ ತಗಲುತ್ತದೆ.

ಮೈಸೂರಿನಿಂದ, ಪುಸ್ತಕ ಪುಟವಿನ್ಯಾಸ ಮಾಡುವವಳು: ಕನ್ನಡದಲ್ಲೂ ಪಾದ ಇರುವ ಫಾಂಟ್ ಹುಡುಕಬೇಡಿ ಸಾರ್. ನಮ್ಮ ಅಕ್ಷರ ಗುಂಡಗೆ, ಅಡ್ಡಪಟ್ಟಿ ಇರುವುದು ಮೇಲೆ. ಕ, ತ, ನ ಬರೆದು ತಲೆಕಟ್ಟು ನೋಡಿ. ಆ ತಲೆಕಟ್ಟು ಇಂಗ್ಲಿಷಿನ ಪಾದದಷ್ಟು ದಪ್ಪ ಬಂದರೆ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ನೋಟೊ ಸ್ಯಾನ್ಸ್ ಕನ್ನಡದಲ್ಲೂ ಹಲವು ತೂಕ ಇದೆ, ಒಂದೊಂದೇ ಪಕ್ಕ ಇಟ್ಟು ನೋಡಿ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬಿಡಿ, ‘ಅಚ್ಚು ಬೆಲ್ಲ’ದಲ್ಲೇ ಎರಡು ಒತ್ತು ಇದೆ ಅಲ್ವಾ! ಪ್ಯಾಕೆಟ್ ಅಳತೆಗೇ ಒಂದು ಪ್ರಿಂಟ್ ತೆಗೆದು, ಕತ್ತರಿಸಿ, ಬೆಲ್ಲದ ಮೇಲೆ ಅಂಟಿಸಿ ನೋಡಿದ ಮೇಲೆ ಆರ್ಡರ್ ಕೊಡಿ.