ಎಂಟು ದಿನದ ಟ್ರೆಕ್ಕಿಗೆ ತಿನ್ನೋದಕ್ಕೇನು, ಕುಡಿಯೋದಕ್ಕೇನು?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಾವು ಮೂವರು ಹಿಮಾಚಲದ ಪಿನ್ ಪಾರ್ವತಿ ಪಾಸ್‌ಗೆ ಹೊರಟಿದ್ದೇವೆ. ಎಂಟು ದಿನ. ಗೈಡ್ ಇದ್ದಾರೆ, ಅಡುಗೆಯವರಿಲ್ಲ. ಸಾಮಾನು ನಾವೇ ಹೊರಬೇಕು, ನಾವೇ ಮಾಡಿಕೊಂಡು ತಿನ್ನಬೇಕು. ಮ್ಯಾಗಿ ಬಿಟ್ಟು ಏನಾದರೂ ಹೇಳಿ. ಬರೀ ನೀರು ಕುಡಿಯೋದೂ ಬೇಜಾರು, ಅದಕ್ಕೂ ಒಂದು ದಾರಿ ಬೇಕು.

ಮೈಸೂರಿನಿಂದ:
ಅದೇ ದಾರಿಯಲ್ಲಿ ಕೈಸುಟ್ಟುಕೊಂಡವನು ನಾನು. ಅಕ್ಕಿ, ತೊಗರಿಬೇಳೆ ಹೊತ್ತುಕೊಂಡು ಹೋಗಿದ್ದೆವು. ಮಂತಲಾಯ್ ಸರೋವರದ ಹತ್ತಿರ ಟೆಂಟ್ ಹಾಕಿ ಬೇಳೆ ಇಟ್ಟರೆ, ಮುಕ್ಕಾಲು ಗಂಟೆ ಕುದಿದರೂ ಬೇಳೆ ಬೇಳೆಯಾಗಿಯೇ ಇತ್ತು. ಅಲ್ಲಿ ಎತ್ತರ 4,000 ಮೀಟರಿಗಿಂತ ಜಾಸ್ತಿ. ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗೋದಿಲ್ಲ. ಗ್ಯಾಸ್ ಮುಗಿಯಿತು, ಬೇಳೆ ಬೇಯಲಿಲ್ಲ. ಆವತ್ತಿನಿಂದ ಸ್ಟೌವ್ ಇರೋದು ನೀರು ಕಾಯಿಸೋದಕ್ಕೆ ಮಾತ್ರ. ಅಡುಗೆಯೆಲ್ಲ ಮನೆಯಲ್ಲೇ ಮುಗಿದಿರುತ್ತದೆ. (ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡೋದಿಲ್ಲ, ಮನಾಲಿಯಲ್ಲಿ ಕೊಳ್ಳಿ.)

ನನ್ನ ನೆಚ್ಚಿನದು ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಬೆಚ್ಚಗೆ ಹುರಿದು ಮಿಕ್ಸಿಯಲ್ಲಿ ತರಿತರಿಯಾಗಿ ಒಡೆಯಿರಿ. ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿ. ಒಗ್ಗರಣೆಗೆ ಕಡಲೆಕಾಯಿ ಧಾರಾಳವಾಗಿರಲಿ. ಎಲ್ಲ ಕಲಸಿ, ಆರಿದ ಮೇಲೆ ಒಬ್ಬರಿಗೆ ಒಂದು ಹೊತ್ತಿಗೆ 120 ಗ್ರಾಂ ಲೆಕ್ಕದಲ್ಲಿ ಕಟ್ಟಿ. ಅಲ್ಲಿ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಊಟ. ಗ್ಯಾಸ್ ಕೈಕೊಟ್ಟರೆ ತಣ್ಣೀರಿನಲ್ಲೂ ನೆನೆಯುತ್ತದೆ. ಕೊಬ್ಬರಿ ಮಾತ್ರ ಬೇಡ, ಬೇಗ ಕಮಟಾಗುತ್ತದೆ. ಎತ್ತರಕ್ಕೆ ಹೋದ ಹಾಗೆ ಹಸಿವೇ ಆಗೋದಿಲ್ಲ. ಆಗ ಸಪ್ಪೆ ಓಟ್ಸ್ ಗಂಟಲಲ್ಲಿ ಇಳಿಯೋದಿಲ್ಲ, ಹುಳಿ ಖಾರ ಇಳಿಯುತ್ತದೆ.

ಬೆಳಗ್ಗೆಗೆ ರಾಗಿ ಹುರಿಹಿಟ್ಟು, ಹಾಲಿನ ಪುಡಿ, ಬೆಲ್ಲದ ಪುಡಿ. ಬಾಟಲಿಗೆ ಮೊದಲು ನೀರು, ಆಮೇಲೆ ಹಿಟ್ಟು. ಉಲ್ಟಾ ಮಾಡಿದರೆ ತಳದಲ್ಲಿ ಕಚ್ಚಿಕೊಂಡು ಕೂರುತ್ತದೆ, ಕಡ್ಡಿ ಹಾಕಿ ಕೆದಕಬೇಕು.

ತೊರೆಯ ನೀರಿಗೆ ಕ್ಲೋರಿನ್ ಮಾತ್ರೆ ಹಾಕುತ್ತೀರಿ ಅಲ್ವಾ? ಆ ವಾಸನೆ ಮುಚ್ಚೋದಕ್ಕೆ ಟ್ಯಾಂಗ್, ನಿಂಬೆ ಚೆನ್ನಾಗಿರುತ್ತದೆ. ಆದರೆ ಮಾತ್ರೆ ಹಾಕಿ ಅರ್ಧ ಗಂಟೆ ಕಾದ ಮೇಲೆ ಬೆರೆಸಿ. ಮೊದಲೇ ಹಾಕಿದರೆ ಅದರಲ್ಲಿರುವ ವಿಟಮಿನ್ ಸಿ ಕ್ಲೋರಿನ್ನಿನ ಕೆಲಸ ಕೆಡಿಸುತ್ತದೆ.

ಧಾರವಾಡದಿಂದ:
ಖಡಕ್ ಜೋಳದ ರೊಟ್ಟಿ ಮರೆತಿರಲ್ಲ! ತಿಂಗಳಿಟ್ಟರೂ ಕೆಡೋದಿಲ್ಲ. ಬ್ಯಾಗಿನಲ್ಲಿ ಪುಡಿಯಾಗುತ್ತದೆ ಅಂತೀರಾ? ಆಗಲಿ ಬಿಡಿ. ಆ ಪುಡಿಗೆ ಶೇಂಗಾ ಹಿಂಡಿ (ಕಡಲೆಕಾಯಿ ಚಟ್ನಿಪುಡಿ), ಒಂದು ಚಮಚ ಎಣ್ಣೆ, ಸ್ವಲ್ಪ ಬಿಸಿನೀರು ಹಾಕಿ ಕಲಸಿ. ನಮ್ಮ ಗುಂಪಿನಲ್ಲಿ ಇದಕ್ಕೆ ಜಗಳವೇ ಆಗಿದೆ. ಸಿಹಿಗೆ ಅಂಟಿನ ಉಂಡಿ, ದಿನಕ್ಕೊಂದು. ಚಳಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಬೆಳಗ್ಗೆಯೇ ಜೇಬಿಗೆ ಹಾಕಿಕೊಳ್ಳಿ.

ಪುತ್ತೂರಿನಿಂದ:
ಕುಡಿಯೋದಕ್ಕೆ ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆ ತೆಗೆದುಕೊಂಡು ಹೋಗಿ. ಎಂಟು ದಿನಕ್ಕೆ ಒಬ್ಬರಿಗೆ ಒಂದು ಹಿಡಿ ಸಾಕು, ತೂಕವೇ ಇಲ್ಲ. ರಾತ್ರಿ ಬಿಸಿನೀರಿನ ಬಾಟಲಿಗೆ ನಾಲ್ಕೈದು ಸಿಪ್ಪೆ ಹಾಕಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಕಾಲೂ ಬೆಚ್ಚಗಿರುತ್ತದೆ, ಬೆಳಗ್ಗೆಗೆ ಕೆಂಪಗೆ ಬಣ್ಣ ಬಿಟ್ಟಿರುತ್ತದೆ. ಬೆಲ್ಲ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿದರೆ ಶರಬತ್ತು. ವಾಂತಿ, ಭೇದಿ ಶುರುವಾದರೆ ಮಾತ್ರ ಇದನ್ನು ನಂಬಬೇಡಿ, ಅದಕ್ಕೆ ಓಆರ್‌ಎಸ್ ಪೊಟ್ಟಣ ಬೇರೆಯೇ ಇರಲಿ.

ಮುಚ್ಚಳ ಎರಡು ಸಲ ನೋಡಿ ಮಲಗಿ. ನನ್ನ ತಮ್ಮನ ಸ್ಲೀಪಿಂಗ್ ಬ್ಯಾಗಿನ ಕಾಲ ಕಡೆ ಇನ್ನೂ ಕೆಂಪಗೇ ಇದೆ.