ಜೈಲಿನಿಂದ ಬಂದ ತಮ್ಮನಿಗೆ ಕೆಲಸ: ಅನುಭವ ಇದ್ದವರು ಹೇಳಿ

ಅಂಕೋಲಾದಿಂದ ಪ್ರಶ್ನೆ:
ನನ್ನ ತಮ್ಮ ಏಳು ವರ್ಷ ಹಿಂಡಲಗಾ ಜೈಲಿನಲ್ಲಿದ್ದು ಏಪ್ರಿಲ್ ಕೊನೆಗೆ ಮನೆಗೆ ಬಂದಿದ್ದಾನೆ. ಮೊದಲು ಮೀನು ಹಿಡಿಯುವ ಬೋಟಿಗೆ ಹೋಗುತ್ತಿದ್ದ. ಮೂರು ಕಡೆ ಕೇಳಿ ಆಯಿತು. "ಹೇಳ್ತೇವೆ" ಅಂದವರು ಇನ್ನೂ ಹೇಳಿಲ್ಲ. ಹಗಲೆಲ್ಲ ಒಳಗೇ ಕೂರುತ್ತಾನೆ. ಇಂಥವರಿಗೆ ಕೆಲಸ ಕೊಟ್ಟವರು, ಕೊಡಿಸಿದವರು ಇದ್ದೀರಾ?

ಬೈತಕೋಲದಿಂದ:
ನಮ್ಮ ಬೋಟಿನಲ್ಲಿ ಇಂಥವನೊಬ್ಬ ನಾಲ್ಕು ವರ್ಷದಿಂದ ಇದ್ದಾನೆ ಅಕ್ಕಾ. ಆದರೆ ಈಗ ಕೇಳುವ ಹೊತ್ತೇ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಬೋಟೆಲ್ಲ ದಡಕ್ಕೆ. ಮೇ ತಿಂಗಳಲ್ಲಿ ಹೊಸ ಖಲಾಸಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಜೈಲು ನೋಡದವನಿಗೂ ಅದೇ ಉತ್ತರ. ಜುಲೈ ಮಧ್ಯದಲ್ಲಿ ಬಲೆ ರಿಪೇರಿ ಶುರುವಾದಾಗ ಬಂದರಿಗೆ ಬಂದು ಕೂರಲಿ. ನಮ್ಮಲ್ಲಿ ಜನ ಆರಿಸುವುದು ಮಾಲೀಕರಲ್ಲ, ಬೋಟು ನಡೆಸುವ ತಾಂಡೇಲ. ಅವನೊಬ್ಬನಿಗೆ ಪೂರ್ತಿ ವಿಷಯ ಮೊದಲೇ ಹೇಳಿಬಿಡಿ. ಎಂಟು-ಹತ್ತು ದಿನ ನೀರಿನ ಮೇಲೆ ಒಂದೇ ಪಾತ್ರೆಯಿಂದ ಉಣ್ಣುವಾಗ ಯಾವುದೂ ಮುಚ್ಚಿ ಉಳಿಯುವುದಿಲ್ಲ. ನಮ್ಮವನು ಹೇಳದೆ ಹತ್ತಿದ್ದ. ಗೊತ್ತಾದ ಮೇಲೆ ಇಡೀ ಟ್ರಿಪ್ ಯಾರೂ ಅವನ ಜೊತೆ ಮಾತಾಡಲಿಲ್ಲ. ಮುಂದಿನ ಟ್ರಿಪ್ಪಿನಲ್ಲಿ ರಾತ್ರಿ ಬಲೆ ಬೋಟಿನಡಿಯ ಫ್ಯಾನಿಗೆ ಸುತ್ತಿಕೊಂಡಿತು. ಚಾಕು ಕಚ್ಚಿಕೊಂಡು ನೀರಿಗೆ ಇಳಿದವನು ಅವನೇ. ಬೆಳಿಗ್ಗೆ ಸಾರಿನ ದೊಡ್ಡ ತುಂಡು ಅವನ ಬಟ್ಟಲಿಗೆ ಬಿತ್ತು. ಹಾಗಂತ ಎಲ್ಲರೂ ಫ್ಯಾನಿಗೆ ಬಲೆ ಸಿಗಲಿ ಅಂತ ಕಾಯೋಕಾಗುತ್ತಾ?

ಶಿರಸಿ ಹತ್ತಿರದ ತೋಟದಿಂದ:
ಆ ಎರಡು ತಿಂಗಳು ಘಟ್ಟ ಹತ್ತಿಸಿ. ಬೋಟು ನಿಂತಾಗಲೇ ನಮಗೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಹೊತ್ತು. ಮರ ಹತ್ತುವ ಕೊನೆಗೌಡರಂತೂ ಸಿಗುವುದೇ ಕಷ್ಟ, ಕೆಳಗೆ ನಿಲ್ಲುವವರಿಗೂ ಬರಗಾಲ. ಮರ ಹತ್ತುವುದು ಬೇಡ, ಅದು ವಾರದಲ್ಲಿ ಬರುವ ವಿದ್ಯೆಯಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಬೇಕು, ಪೈಪು ಎಳೆಯಬೇಕು, ಅಷ್ಟೆ. ಮಳೆ ಬಿಟ್ಟ ದಿನ ಕೂಲಿ. ಅಡಿಕೆ ಸುಲಿಯೋಕೆ ಮಾತ್ರ ಈಗಲೇ ಕಳಿಸಬೇಡಿ. ಅಲ್ಲಿ ಕೈ ಮೆಟ್ಟುಗತ್ತಿಯ ಮೇಲೆ, ಬಾಯಿ ಊರವರ ಮೇಲೆ.

ಕಾರವಾರದಿಂದ:
ಕೇಸು ಇನ್ನೂ ನಡೆಯುತ್ತಿದ್ದು ಜಾಮೀನಿನ ಮೇಲೆ ಬಂದವರು ಓದುತ್ತಿದ್ದರೆ: ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕುವ ಷರತ್ತಿದ್ದರೆ ದೂರದ ಬೋಟು ಹತ್ತಬೇಡಿ. ಷರತ್ತು ಸಡಿಲಿಸಲು ಕೋರ್ಟಿಗೆ ಅರ್ಜಿ ಹಾಕಬಹುದು. ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಕುಮಟಾದಿಂದ:
ನಾನೇ ಒಳಗಿದ್ದು ಬಂದವನು. ಕೆಲಸಕ್ಕಿಂತ ಮೊದಲು ಕಾಡಿದ್ದು ಫೋನ್ ನಂಬರ್. ಹಳೇ ಸಿಮ್ ಸತ್ತು ನಂಬರ್ ಬೇರೆ ಯಾರಿಗೋ ಹೋಗಿತ್ತು. ನನ್ನ ಆಧಾರಿನ ಒಟಿಪಿ ಅವರ ಫೋನಿಗೆ! ಬ್ಯಾಂಕ್ ಖಾತೆಯೂ ನಿಂತಿತ್ತು. ಮೊದಲು ಆಧಾರ್ ಕೇಂದ್ರದಲ್ಲಿ ಹೆಬ್ಬೆಟ್ಟು ಕೊಟ್ಟು ಹೊಸ ನಂಬರ್ ಹಾಕಿಸಿ, ಆಮೇಲೆ ಬ್ಯಾಂಕಿಗೆ ಹೋಗಿ. ನೌಕಾನೆಲೆ, ಕೈಗಾ ಗುತ್ತಿಗೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಕೇಳುತ್ತಾರೆ. ಅಲ್ಲಿಂದಲೇ ಶುರು ಮಾಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ಸ್ವಂತ ಕಸುಬು ಕಲಿಯುವ ಆಸೆ ಇದ್ದರೆ ಹಳಿಯಾಳದ ಆರ್‌ಸೆಟಿಯಲ್ಲಿ (ಸ್ವ-ಉದ್ಯೋಗ ಕಲಿಸುವ ಸಂಸ್ಥೆ) ತರಬೇತಿ, ಊಟ, ವಸತಿ ಎಲ್ಲ ಉಚಿತ. ಇನ್ನೊಂದು. ಸಂಜೆ ಹೊತ್ತಿಗೆ ಅವನು ಇದ್ದಕ್ಕಿದ್ದಂತೆ ಎದ್ದು ಸುಮ್ನೆ ನಿಂತರೆ ಏನೂ ಕೇಳಬೇಡಿ. ಒಳಗೆ ತಲೆ ಎಣಿಸುವ ಹೊತ್ತು ಅದು. ನನಗೆ ಬಿಟ್ಟುಹೋಗಲು ಒಂದು ವರ್ಷ ಹಿಡಿಯಿತು.

ಅಂಕೋಲಾದಿಂದ ಮತ್ತೆ:
ಎಲ್ಲ ಓದಿ ಹೇಳಿದೆ. ಹೌದು, ಅವನು ಹಾಗೆ ಎದ್ದು ನಿಲ್ಲುತ್ತಾನೆ. ನಾನು ಬೈದಿದ್ದೆ. ಸೋಮವಾರ ಆಧಾರ್ ಕೇಂದ್ರಕ್ಕೆ ಹೊರಟಿದ್ದೇವೆ. ಶಿರಸಿಯವರೇ, ತೋಟದಲ್ಲಿ ಉಳಿಯೋಕೆ ಬಿಡಾರ ಇದೆಯಾ ಅಂತ ಅವನೇ ಕೇಳುತ್ತಿದ್ದಾನೆ.